ಕಾಯಿಲೆ ಯಾವ್ದು ಅಂತ ಗೊತ್ತಾಗೋ ಮೊದ್ಲೇ ಸ್ಟೀರಾಯ್ಡ್ ಶುರು ಆಗಿದ್ಯಾ? ಮೈ ವಿಚಿತ್ರವಾಗಿ ಆಡಿದ್ರೆ ಏನ್ ಮಾಡ್ಬೇಕು

ಮಾತ್ರೆ ಶುರು ಮಾಡಿದ ಮೂರನೇ ರಾತ್ರಿ ಎರಡೂವರೆ ಗಂಟೆಗೆ ನಾನು ಅಡುಗೆಮನೆ ಶೆಲ್ಫಲ್ಲಿದ್ದ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಎತ್ತರದ ಪ್ರಕಾರ ಜೋಡಿಸ್ತಾ ಕೂತಿದ್ದೆ. ಎಂಟು ತಿಂಗಳಿಂದ ದಿನಕ್ಕೆ ಆರೇಳು ಸಲ ಟಾಯ್ಲೆಟ್‌ಗೆ ಓಡಿ, ಒಂಬತ್ತು ಕೆಜಿ ಇಳಿದು, ಒಂದು ಮಹಡಿ ಮೆಟ್ಟಿಲು ಹತ್ತಿದ್ರೆ ಕೂತ್ಕೊಳ್ತಿದ್ದ ಮನುಷ್ಯ ನಾನು. ಈಗ ಹೊಟ್ಟೆನೋವು ಮಾಯ, ಭೇದಿ ದಿನಕ್ಕೆ ಎರಡಕ್ಕೆ ಇಳಿದಿದೆ, ಹಸಿವು ಅಂದ್ರೆ ಹಸಿವು. ಮನೇಲಿ ಎಲ್ಲರಿಗೂ ಖುಷಿ, ಡಾಕ್ಟ್ರೂ "ನೋಡಿ, ಔಷಧಿ ಹಿಡೀತು" ಅಂದ್ರು. ನಾವೆಲ್ಲ ಹಿಡಿದಿದ್ದು ತಪ್ಪು ದಾರಿ ಅಂತ ಗೊತ್ತಾಗೋಕೆ ಇನ್ನೂ ಐದು ತಿಂಗಳು ಬೇಕಾಯ್ತು.

ನನಗೆ ಕೊಟ್ಟಿದ್ದು ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್, ದಿನಕ್ಕೆ 40 ಮಿಲಿಗ್ರಾಂ. "ಕರುಳಲ್ಲಿ ಉರಿಯೂತ ಇರೋ ಹಾಗಿದೆ, ಟ್ರಯಲ್ ಕೊಟ್ಟು ನೋಡೋಣ" ಅಂತ. ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷೆ ಮಾಡೋದು) ಇಲ್ಲ, ಸ್ಟೂಲ್ ಟೆಸ್ಟ್ ಒಂದೇ ಸಲ. ಕೊನೆಗೆ ಗೊತ್ತಾಗಿದ್ದು ಸೀಲಿಯಾಕ್ ಕಾಯಿಲೆ, ಅಂದ್ರೆ ಗೋಧಿಯಲ್ಲಿರೋ ಗ್ಲೂಟನ್‌ಗೆ ಕರುಳು ತಿರುಗಿಬೀಳೋದು. ಸ್ಟೀರಾಯ್ಡ್ ಆ ಉರಿಯೂತಾನೂ ಅದುಮಿಡತ್ತೆ, ಅದಕ್ಕೇ ಆರಾಮಾಯ್ತು, ಡೋಸ್ ಇಳಿಸ್ತಾ ಬಂದ ಹಾಗೆ ವಾಪಸ್ ಬಂತು. ಮಧ್ಯದಲ್ಲಿ ಮೈ ಆಡಿದ ಆಟಗಳನ್ನ ನಾನು ಮೊದಮೊದ್ಲು ಯಾರಿಗೂ ಸರಿಯಾಗಿ ಹೇಳ್ಲೂ ಇಲ್ಲ, ಬರೆದಿಡ್ಲೂ ಇಲ್ಲ. ನಿಮಗೂ ಇದೇ ಥರ "ನೋಡೋಣ" ಅಂತ ಶುರು ಮಾಡಿದ್ರೆ ಹೇಗೆ ನಿಭಾಯಿಸ್ಬೇಕು ಅಂತ ಬರೀತಾ ಇದೀನಿ. ನಾನು ಡಾಕ್ಟರ್ ಅಲ್ಲ, ಪೇಶೆಂಟು. ಡೋಸ್ ವಿಷಯ ನಿಮ್ಮ ಡಾಕ್ಟ್ರ ಹತ್ರಾನೇ ಮಾತಾಡಿ.

ಮೊದಲ ರೂಲು: ತಟ್ಟಂತ ನಿಲ್ಲಿಸ್ಬೇಡಿ

ಏನೋ ವಿಚಿತ್ರ ಆಯ್ತು ಅಂದ ತಕ್ಷಣ ಎಲ್ಲರೂ ಮಾಡೋ ಮೊದಲ ಕೆಲಸ ಮಾತ್ರೆ ಬಿಟ್ಬಿಡೋದು. ಒಂದೆರಡು ದಿನ ತಗೊಂಡಿದ್ರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗಲ್ಲ, ಆದ್ರೂ ಫೋನ್ ಮಾಡಿ ಕೇಳೇ ಬಿಡಿ. ಮೂರು ನಾಲ್ಕು ವಾರ ದಾಟಿದ್ರೆ ಮಾತ್ರ ಕಥೆ ಬೇರೆ. ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಗಳು ದಿನಾ ನಮಗೆ ಬೇಕಾದ ಕಾರ್ಟಿಸಾಲ್, ಅಂದ್ರೆ ಮೈಯದ್ದೇ ಸ್ಟೀರಾಯ್ಡ್, ತಯಾರಿಸ್ತವೆ, ಹೊರಗಿಂದ ಧಾರಾಳವಾಗಿ ಬರ್ತಾ ಇದ್ರೆ ಅವು ಕೆಲಸ ಬಿಟ್ಟು ಮಲಗ್ತವೆ, ಎಬ್ಬಿಸೋಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಮಾತ್ರೆ ನಿಂತ್ರೆ ಬಿಪಿ ಬೀಳತ್ತೆ, ವಾಂತಿ, ಹೊಟ್ಟೆನೋವು, ಎದ್ದು ನಿಲ್ಲೋಕಾಗದ ಸುಸ್ತು, ಜೀವಕ್ಕೇ ಅಪಾಯ ಆಗ್ಬಹುದು. ಇದರಲ್ಲಿ ಮೋಸ ಏನಂದ್ರೆ ಈ ಲಕ್ಷಣಗಳೆಲ್ಲ ಥೇಟ್ ಹೊಟ್ಟೆ ಕಾಯಿಲೆ ಥರಾನೇ ಕಾಣ್ತವೆ, "ಅಯ್ಯೋ ಹಳೇದೇ ಮರುಕಳಿಸ್ತು" ಅನ್ಕೊಂಡು ಮನೇಲೇ ಮಲಗಿಬಿಡ್ತೀರ.

ಇನ್ನೊಂದು, ವಾಂತಿ ಆಗ್ತಾ ಇದ್ದು ಮಾತ್ರೆ ಹೊಟ್ಟೇಲಿ ನಿಲ್ತಾ ಇಲ್ಲ ಅಂದ್ರೆ ಅದೂ ನಿಲ್ಲಿಸಿದ ಹಾಗೇ ಲೆಕ್ಕ. ಕೆಲವು ವಾರಗಳಿಂದ ತಗೋತಿರೋರು ಇಂಥ ಹೊತ್ತಲ್ಲಿ "ನಾಳೆ ನೋಡೋಣ" ಅನ್ಬಾರದು, ಎಮರ್ಜೆನ್ಸಿಗೆ ಹೋಗಿ "ನಾನು ಇಷ್ಟು ವಾರದಿಂದ ಸ್ಟೀರಾಯ್ಡ್ ಮೇಲಿದೀನಿ, ಮಾತ್ರೆ ನಿಲ್ತಿಲ್ಲ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಇಂಜೆಕ್ಷನ್ ರೂಪದಲ್ಲಿ ಕೊಡ್ತಾರೆ.

ನೋಟ್‌ಬುಕ್ ಇಡಿ, ಆದ್ರೆ ಗಂಟೆ ಸಮೇತ

"ಮಾತ್ರೆ ತಗೊಂಡ್ಮೇಲೆ ಒಂಥರಾ ಆಗತ್ತೆ ಡಾಕ್ಟ್ರೇ" ಅಂತ ಹೇಳಿದ್ರೆ ಯಾರಿಗೂ ಏನೂ ಅರ್ಥ ಆಗಲ್ಲ. ನಾನು ಎರಡನೇ ಸಲ ಡಾಕ್ಟರ್ ಬದಲಾಯಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆನೇ "ಮಾತ್ರೆ ಎಷ್ಟು ಗಂಟೆಗೆ, ತೊಂದರೆ ಎಷ್ಟು ಗಂಟೆಗೆ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಬರೆಯೋಕೆ ಶುರು ಮಾಡಿದೆ. ಒಂದು ದಿನದ್ದು ಹೀಗಿತ್ತು:

"ಬೆಳಗ್ಗೆ 8, ತಿಂಡಿ ಜೊತೆ 15 ಮಿಗ್ರಾಂ. ಮೋಷನ್ 3 ಸಲ, ಟೈಪ್ 6, ರಕ್ತ ಇಲ್ಲ. 11ಕ್ಕೆ ಕೈ ನಡುಕ. 5ಕ್ಕೆ ಶುಗರ್ 212. ನಿದ್ದೆ 4 ಗಂಟೆ. ತೂಕ 58.4. ಮೊಣಕಾಲು ನೋವು ಹೊಸದು."

ಟೈಪ್ 6 ಅಂದ್ರೆ ಬ್ರಿಸ್ಟಲ್ ಚಾರ್ಟ್ ಪ್ರಕಾರ. ಮಲದ ರೂಪಾನ 1ರಿಂದ 7ರವರೆಗೆ ನಂಬರ್ ಹಾಕಿರೋ ಚಿತ್ರಪಟ ಅದು, 1 ಅಂದ್ರೆ ಗಟ್ಟಿ ಉಂಡೆ, 7 ಅಂದ್ರೆ ಬರೀ ನೀರು. "ಲೂಸ್" "ತುಂಬಾ ಲೂಸ್" ಅಂತ ಹೇಳೋಕಿಂತ ನಂಬರ್ ಹೇಳಿದ್ರೆ ಮುಜುಗರಾನೂ ಕಮ್ಮಿ, ಡಾಕ್ಟ್ರಿಗೂ ಥಟ್ಟಂತ ಗೊತ್ತಾಗತ್ತೆ.

ತೂಕ ಯಾಕಂದ್ರೆ, ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಅದು ಮೈ ಹಿಡಿದಿದ್ದಲ್ಲ, ಮೈಯಲ್ಲಿ ನೀರು ನಿಂತಿದ್ದು. ಕಾಲು ಊದಿದ್ಯಾ ನೋಡ್ಕೊಳ್ಳಿ. ಶುಗರ್ ವಿಷಯ ಅಂತೂ ನನಗೆ ದೊಡ್ಡ ಪಾಠ. ಬೆಳಗ್ಗೆ ಖಾಲಿ ಹೊಟ್ಟೆ ಟೆಸ್ಟ್ ಮಾಡಿಸಿ ನಾರ್ಮಲ್ ಬಂತು ಅಂತ ನಿರಾಳವಾಗಿದ್ದೆ, ಆದ್ರೆ ಬೆಳಗ್ಗೆ ತಗೊಂಡ ಪ್ರೆಡ್ನಿಸೋಲೋನ್ ಶುಗರ್ ಏರಿಸೋದು ಮಧ್ಯಾಹ್ನದಿಂದ ಸಂಜೆವರೆಗೆ, ರಾತ್ರಿ ಕಳೆದು ಬೆಳಗಾಗೋ ಹೊತ್ತಿಗೆ ಇಳಿದಿರತ್ತೆ. ಅದಕ್ಕೇ ಮಧ್ಯಾಹ್ನ ಊಟ ಆಗಿ ಎರಡು ಗಂಟೆಗೋ ಇಲ್ಲಾ ರಾತ್ರಿ ಊಟಕ್ಕೆ ಮುಂಚೆಯೋ ನೋಡ್ಬೇಕು. ಬಾಯಿ ಒಣಗೋದು, ಪದೇ ಪದೇ ಮೂತ್ರ, ಕಣ್ಣು ಮಂಜಾಗೋದು ಇದ್ರೆ ಅವತ್ತೇ ನೋಡಿ.

ಮಾತ್ರೆ ಹೆಸರು, ಕಂಪನಿ, ಮಿಲಿಗ್ರಾಂ ಮೂರೂ ಬರೀರಿ, ಯಾಕಂದ್ರೆ ಸ್ಟೀರಾಯ್ಡ್ ಬದಲಾದ್ರೆ ನಂಬರ್ ಮೋಸ ಮಾಡತ್ತೆ. ಪ್ರೆಡ್ನಿಸೋಲೋನ್ 5 ಮಿಲಿಗ್ರಾಂ, ಮೀಥೈಲ್‌ಪ್ರೆಡ್ನಿಸೋಲೋನ್ 4, ಹೈಡ್ರೋಕಾರ್ಟಿಸೋನ್ 20, ಡೆಕ್ಸಾಮೆಥಾಸೋನ್ 0.75, ಇವೆಲ್ಲ ಹೆಚ್ಚುಕಮ್ಮಿ ಒಂದೇ ಶಕ್ತಿ. 40ರಿಂದ 32ಕ್ಕೆ ಇಳೀತು ಅಂತ ಖುಷಿಪಟ್ಟೋರಿಗೆ ಆಮೇಲೆ ಗೊತ್ತಾಗತ್ತೆ, ಮಾತ್ರೆ ಬದಲಾಗಿದೆ ಅಷ್ಟೇ, ಡೋಸ್ ಅಲ್ಲೇ ಇದೆ ಅಂತ.

ಯಾವ್ದು ವಿಚಿತ್ರ ಆದ್ರೂ ಮಾಮೂಲು

ನಿದ್ದೆ ಕೆಡೋದು, ಸಿಕ್ಕಾಪಟ್ಟೆ ಹಸಿವು, ಮುಖ ಕೆಂಪಗಾಗೋದು, ಎದೆಬಡಿತ, ರಾತ್ರಿ ಬೆವರು. ರಕ್ತನಾಳಕ್ಕೆ ಇಂಜೆಕ್ಷನ್ ಆಗಿ ಮೀಥೈಲ್‌ಪ್ರೆಡ್ನಿಸೋಲೋನ್ ಕೊಟ್ರೆ ಬಾಯಲ್ಲಿ ಲೋಹದ ರುಚಿ ಬರ್ಬಹುದು. ಡೆಕ್ಸಾಮೆಥಾಸೋನ್‌ಗೆ ಕೆಲವರಿಗೆ ನಿಲ್ಲದ ಬಿಕ್ಕಳಿಕೆ ಬರತ್ತೆ, ಅದನ್ನೇ ಬೇಗ ಬೇಗ ರಕ್ತನಾಳಕ್ಕೆ ಹಾಕಿದ್ರೆ ಗುಪ್ತಾಂಗದ ಸುತ್ತ ಚುರುಚುರು ಉರಿ ಬಂದು ಒಂದೆರಡು ನಿಮಿಷದಲ್ಲಿ ಹೋಗತ್ತೆ. ಪಾಪ ಎಷ್ಟು ಜನ ನಾಚಿಕೆಗೆ ಹೇಳದೇ ಗಾಬರಿಯಾಗಿ ಕೂತಿರ್ತಾರೋ. ಇವನ್ನೂ ಹೇಳಿ, ಆದ್ರೆ ಎದೆ ಒಡ್ಕೋಬೇಡಿ. ಮಾತ್ರೆನ ಬೆಳಗ್ಗೆ ತಿಂಡಿ ಜೊತೆ ತಗೊಂಡ್ರೆ ನಿದ್ದೆ ಅಷ್ಟೊಂದು ಕೆಡಲ್ಲ. ಡಾಕ್ಟ್ರು ಎರಡು ಹೊತ್ತು ಅಂದಿದ್ರೆ ಎರಡನೇದನ್ನ ಮಧ್ಯಾಹ್ನಕ್ಕೇ ಮುಗಿಸ್ಬಹುದಾ ಅಂತ ಕೇಳಿ.

ಮನಸ್ಸಿನ ವಿಷಯ ಮಾತ್ರ ಮಾಮೂಲು ಅಂತ ತಳ್ಳಿಹಾಕ್ಬೇಡಿ. ನನ್ನ ಡಬ್ಬಿ ಜೋಡಿಸೋ ಉತ್ಸಾಹ ನೋಡಿ ಎಲ್ಲ ನಕ್ಕಿದ್ರು, ನಾನೂ ನಕ್ಕಿದ್ದೆ, ಹತ್ತು ದಿನ ಆದ್ಮೇಲೆ ಯಾರೋ ಬಾಗಿಲು ಜೋರಾಗಿ ಹಾಕಿದ್ರು ಅಂತ ಕೈಯಲ್ಲಿದ್ದ ಲೋಟ ಎಸೆದಾಗ ಯಾರೂ ನಗ್ಲಿಲ್ಲ. 1972ರಲ್ಲಿ ಬಾಸ್ಟನ್‌ನ ಒಂದು ದೊಡ್ಡ ಅಧ್ಯಯನದಲ್ಲಿ ಗೊತ್ತಾಗಿದ್ದು ಇದು: ದಿನಕ್ಕೆ 40 ಮಿಲಿಗ್ರಾಂ ಅಥವಾ ಅದಕ್ಕಿಂತ ಕಮ್ಮಿ ಪ್ರೆಡ್ನಿಸೋನ್ (ಪ್ರೆಡ್ನಿಸೋಲೋನ್ ಥರದ್ದೇ ಸ್ಟೀರಾಯ್ಡ್) ತಗೊಂಡೋರಲ್ಲಿ ಮಾನಸಿಕ ತೊಂದರೆ 1.3 ಪರ್ಸೆಂಟು, 80 ದಾಟಿದೋರಲ್ಲಿ 18.4 ಪರ್ಸೆಂಟು. ಅಂದ್ರೆ ಇದು ನಿಮ್ಮ ಸ್ವಭಾವ ಕೆಟ್ಟಿದ್ದಲ್ಲ, ಡೋಸ್ ಜೊತೆ ಏರೋ ಲೆಕ್ಕ. ತೊಂದರೆ ಏನಂದ್ರೆ ತಗೊಂಡೋರಿಗೆ ತಾವು ಬದಲಾಗಿರೋದು ಗೊತ್ತಾಗಲ್ಲ, ಆ ಹೊತ್ತಿಗೆ ನಮಗೆ ಲೋಕಾನೇ ನಿಧಾನ ಅನ್ಸತ್ತೆ. ಅದಕ್ಕೇ ಮನೇಲಿ ಒಬ್ಬರಿಗೆ ಮೊದ್ಲೇ ಹೇಳಿಡಿ, "ನಾನು ಎರಡು ರಾತ್ರಿ ನಿದ್ದೆ ಇಲ್ದೇ ಬಡಬಡ ಮಾತಾಡ್ತಿದ್ರೆ, ಇಲ್ಲಸಲ್ಲದ ಅನುಮಾನ ಪಟ್ರೆ, ಸಾಯೋ ಮಾತಾಡಿದ್ರೆ ನನ್ನ ಕೇಳ್ಬೇಡ, ಡಾಕ್ಟ್ರಿಗೆ ಫೋನ್ ಮಾಡು" ಅಂತ.

ಆರಾಮಾದ್ರೆ ಏನರ್ಥ

ಹದಗೆಟ್ರೆ ಎಲ್ಲರೂ ಎಚ್ಚೆತ್ಕೊಳ್ತಾರೆ, ಆರಾಮಾದ್ರೆ ಯಾರೂ ಪ್ರಶ್ನೆ ಕೇಳಲ್ಲ. "ಸ್ಟೀರಾಯ್ಡ್‌ಗೆ ಕಮ್ಮಿ ಆಯ್ತು ಅಂದ್ರೆ ಕ್ರೋನ್ಸ್ ಇರ್ಬೇಕು" (ಕ್ರೋನ್ಸ್ ಅಂದ್ರೆ ಕರುಳಲ್ಲಿ ಬಿಡದೇ ಕಾಡೋ ಉರಿಯೂತದ ಕಾಯಿಲೆ) ಅನ್ನೋ ಮಾತು ಎಷ್ಟು ಸುಲಭವಾಗಿ ಬರತ್ತೆ ಅಂದ್ರೆ, ಆ ಲೇಬಲ್ ಫೈಲ್ ಮೇಲೆ ಒಂದ್ಸಲ ಅಂಟ್ಕೊಂಡ್ರೆ ಕೀಳೋದು ಕಷ್ಟ. ಸ್ಟೀರಾಯ್ಡ್ ಒಂದು ಕಾಯಿಲೆಗೆ ಅಂತ ಹೊಂದಿಕೊಳ್ಳೋ ಬೀಗದಕೈ ಅಲ್ಲ, ಯಾವ ಬೀಗ ಆದ್ರೂ ಒಡೆಯೋ ಸುತ್ತಿಗೆ. ಸೀಲಿಯಾಕ್ ಆದ್ರೂ ಆರಾಮಾಗತ್ತೆ, ಮೈಕ್ರೋಸ್ಕೋಪಿಕ್ ಕೊಲೈಟಿಸ್ (ಸೂಕ್ಷ್ಮದರ್ಶಕದಲ್ಲಷ್ಟೇ ಕಾಣೋ ದೊಡ್ಡ ಕರುಳಿನ ಉರಿಯೂತ) ಆದ್ರೂ, ಇಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಸೇರ್ಕೊಂಡು ಬರೋ ಕರುಳಿನ ಉರಿಯೂತ ಆದ್ರೂ ಅಷ್ಟೇ. ಕರುಳಿನ ಲಿಂಫೋಮಾ, ಅಂದ್ರೆ ಒಂಥರಾ ಕ್ಯಾನ್ಸರ್, ಅದೂ ಸ್ಟೀರಾಯ್ಡ್‌ಗೆ ಕುಗ್ಗತ್ತೆ, ಎಷ್ಟು ಕುಗ್ಗತ್ತೆ ಅಂದ್ರೆ ಆಮೇಲೆ ಬಯಾಪ್ಸಿ ತೆಗೆದ್ರೂ ಏನೂ ಸ್ಪಷ್ಟವಾಗಿ ಸಿಗದೇ ಇರ್ಬಹುದು. ಕರುಳಿನ ಟಿಬಿ ಕೂಡ ಮೊದಲ ಕೆಲವು ದಿನ ಉರಿಯೂತ ಇಳಿದು ಆರಾಮ ಅನ್ನಿಸಿ, ಒಳಗೊಳಗೇ ಹರಡ್ಕೊಂಡು ಹೋಗ್ಬಹುದು. ಟಿಬಿ ಮತ್ತು ಕ್ರೋನ್ಸ್ ಎರಡೂ ಕೂರೋ ಇಷ್ಟದ ಜಾಗ ಒಂದೇ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರೋ ಮೂಲೆ, ಸ್ಕೋಪಲ್ಲಿ, ಅಂದ್ರೆ ಕ್ಯಾಮೆರಾ ಕೊಳವೆ ಇಳಿಸಿ, ನೋಡಿದ್ರೂ ಅಣ್ಣತಮ್ಮಂದಿರ ಹಾಗೆ ಕಾಣ್ತವೆ.

ಇನ್ನೊಂದು ಇದೆ, ಇದು ಹೊಟ್ಟೆ ಕಾಯಿಲೆನೇ ಅಲ್ಲ, ಆದ್ರೆ ಹೊಟ್ಟೆ ವೇಷ ಹಾಕ್ಕೊಂಡು ಬರತ್ತೆ: ಅಡಿಸನ್ಸ್. ಅಡ್ರಿನಲ್ ಗ್ರಂಥಿ ತಾನಾಗೇ ಕೆಟ್ಟು ಕಾರ್ಟಿಸಾಲ್ ಮಾಡದೇ ಇರೋದು. ವಾಕರಿಕೆ, ಹೊಟ್ಟೆನೋವು, ಭೇದಿ, ತೂಕ ಇಳಿಯೋದು, ಇದನ್ನ ಇಟ್ಕೊಂಡು ವರ್ಷಗಟ್ಟಲೆ ಹೊಟ್ಟೆ ಡಾಕ್ಟ್ರ ಹತ್ರ ಸುತ್ತೋರು ಇದಾರೆ. ಇಂಥೋರಿಗೆ ಸ್ಟೀರಾಯ್ಡ್ ಕೊಟ್ರೆ ಒಂದೆರಡು ದಿನದಲ್ಲಿ ಸತ್ತು ಬದುಕಿ ಬಂದ ಹಾಗೆ ಆಗತ್ತೆ, ಹೊಟ್ಟೆ ಮಾತ್ರ ಅಲ್ಲ, ಇಡೀ ಮೈಗೇ ಜೀವ ಬಂದ ಹಾಗೆ. ನಿಮಗೆ ಹಾಗೇನಾದ್ರೂ ಆಗಿದ್ರೆ ಹಿಂದಕ್ಕೆ ಯೋಚನೆ ಮಾಡಿ: ಉಪ್ಪು ಉಪ್ಪು ತಿನ್ಬೇಕು ಅನ್ಸ್ತಿತ್ತಾ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರ್ತಿತ್ತಾ, ಅಂಗೈ ಗೆರೆ, ಒಸಡು, ಹಳೇ ಗಾಯದ ಕಲೆ ಕಪ್ಪಗಾಗಿತ್ತಾ, ಹಳೇ ರಿಪೋರ್ಟಲ್ಲಿ ಸೋಡಿಯಂ ಕಮ್ಮಿ ಪೊಟ್ಯಾಸಿಯಂ ಜಾಸ್ತಿ ಇತ್ತಾ. ಇದ್ರೆ ಡಾಕ್ಟ್ರಿಗೆ ಹೇಳಿ. ಆದ್ರೆ ನೀವಾಗೇ ಹೋಗಿ ಕಾರ್ಟಿಸಾಲ್ ಟೆಸ್ಟ್ ಮಾಡಿಸ್ಬೇಡಿ, ಪ್ರೆಡ್ನಿಸೋಲೋನ್ ತಗೋತಿದ್ರೆ ಕೆಲವು ಲ್ಯಾಬ್ ಟೆಸ್ಟ್‌ಗಳು ಅದನ್ನೇ ಕಾರ್ಟಿಸಾಲ್ ಅಂತ ಎಣಿಸಿ ಸುಳ್ಳು ನಂಬರ್ ಕೊಡ್ತವೆ. ಟೆಸ್ಟ್ ಯಾವಾಗ, ಹೇಗೆ ಅಂತ ಹಾರ್ಮೋನ್ ಡಾಕ್ಟ್ರು ಹೇಳ್ಬೇಕು.

ಏನೂ ಆಗ್ಲಿಲ್ಲ ಅಂದ್ರೆ

ಸ್ಟೀರಾಯ್ಡ್‌ಗೆ ಏನೂ ಬದಲಾಗ್ಲಿಲ್ಲ ಅಂದ್ರೆ ಕಾಯಿಲೆನೇ ಇಲ್ಲ, ಎಲ್ಲ ಟೆನ್ಷನ್ನು ಅಂತ ತೀರ್ಮಾನಕ್ಕೆ ಬರೋರೂ ಇದಾರೆ. 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಅನ್ನೋ ಇಬ್ಬರು ಡಾಕ್ಟ್ರು ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಹುಣ್ಣಾಗೋ ಕಾಯಿಲೆ) ಇದ್ದ 210 ಜನರ ಮೇಲೆ ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಪ್ರಯೋಗ ಮಾಡಿದ್ರು, ಪೂರ್ತಿ ಹತೋಟಿಗೆ ಬಂದಿದ್ದು ಔಷಧಿ ತಗೊಂಡೋರಲ್ಲಿ ಸುಮಾರು 41 ಪರ್ಸೆಂಟ್‌ಗೆ, ತಗೊಳ್ಳದೇ ಇದ್ದೋರಲ್ಲಿ ಸುಮಾರು 16. ಈ ಗುಂಪಲ್ಲಿ ಎಲ್ಲರಿಗೂ ಕಾಯಿಲೆ ಇತ್ತು ಅಂತ ಗೊತ್ತಿತ್ತು, ಆದ್ರೂ ಔಷಧಿ ತಗೊಂಡೋರಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದು ಪೂರ್ತಿ ಕೆಲಸ ಮಾಡ್ಲಿಲ್ಲ. ಅಷ್ಟೇ ಅಲ್ಲ, ಕಾರ್ಟಿಸೋನ್ ತಗೊಳ್ಳದೇ ಆರಾಮಾದ 16 ಪರ್ಸೆಂಟ್ ನೋಡಿ, ನಿಮಗೆ ಆರಾಮಾಗಿದ್ದು ಮಾತ್ರೆಯಿಂದಾನಾ ತಾನಾಗಾ ಅನ್ನೋದೂ ಖಾತ್ರಿ ಇಲ್ಲ.

ಮಾತ್ರೆ ಒಳಗೇ ಸೇರ್ತಾ ಇಲ್ವಾ ಅಂತಾನೂ ನೋಡ್ಬೇಕು. ಹೊಟ್ಟೇಲಿ ಕರಗದ ಹಾಗೆ ಕೋಟಿಂಗ್ ಇರೋ ಮಾತ್ರೆಗಳು ಭೇದಿ ಜೋರಾಗಿರೋರಲ್ಲಿ ಹಾಗೇ ಸರ್ರಂತ ಹೊರಗೆ ಹೋಗೋದುಂಟು, ಮಲದಲ್ಲಿ ಇಡೀ ಮಾತ್ರೆ ಕಂಡ್ರೆ ಫೋಟೋ ತೆಗೆದು ತೋರಿಸಿ, ನಾಚ್ಕೋಬೇಡಿ. ಬೇರೆ ಔಷಧಿಗಳೂ ಕೈಯಾಡಿಸ್ತವೆ. ಟಿಬಿಗೆ ಕೊಡೋ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಕಾರ್ಬಮಝೆಪಿನ್ ತಗೋತಿದ್ರೆ ಸ್ಟೀರಾಯ್ಡ್ ಬೇಗ ಕರಗಿ ಹೋಗತ್ತೆ. ಉಲ್ಟಾ ಕಡೆ ಫಂಗಸ್‌ಗೆ ಕೊಡೋ ಇಟ್ರಾಕೊನಜೋಲ್, ಆಂಟಿಬಯಾಟಿಕ್ ಕ್ಲಾರಿಥ್ರೋಮೈಸಿನ್, ಎಚ್‌ಐವಿಗೆ ಕೊಡೋ ರಿಟೊನಾವಿರ್ ತಗೊಂಡ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯತ್ತೆ, "ಬ್ಯುಡೆಸೊನೈಡ್ ಅನ್ನೋ ಸ್ಟೀರಾಯ್ಡ್ ಕರುಳಲ್ಲಷ್ಟೇ ಕೆಲಸ ಮಾಡತ್ತೆ, ಸೈಡ್ ಎಫೆಕ್ಟ್ ಕಮ್ಮಿ" ಅಂತ ಕೊಟ್ಟೋರಿಗೂ ಇವುಗಳ ಜೊತೆ ಮುಖ ಊದ್ಕೊಂಡಿದ್ದುಂಟು. ಕರುಳು ಗಾಯವಾಗಿ ಕಲೆಗಟ್ಟಿ ಕಿರಿದಾಗಿದ್ರೆ ಸ್ಟೀರಾಯ್ಡ್ ಅದನ್ನ ಹಿಗ್ಗಿಸಲ್ಲ, ಅದಕ್ಕೆ ಬೇರೆ ದಾರಿ ಬೇಕು.

ಹದಗೆಟ್ರೆ

ಇದೇ ಭಯ ಪಡ್ಬೇಕಾದ ಜಾಗ. ಹೊಟ್ಟೇಲಿ ಸೋಂಕು ಕೂತಿದ್ದು ಅದು ಗೊತ್ತಿಲ್ದೇ ಸ್ಟೀರಾಯ್ಡ್ ಕೊಟ್ರೆ ಕಾವಲುಗಾರನ್ನ ಮಲಗಿಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ. ಅಮೀಬಾದಿಂದ ಆಗೋ ಕರುಳು ಹುಣ್ಣು ನೋಡೋಕೆ ಅಲ್ಸರೇಟಿವ್ ಕೊಲೈಟಿಸ್ ಥರಾನೇ ಇರತ್ತೆ, ರಕ್ತ, ಲೋಳೆ, ಹೊಟ್ಟೆ ನುಲಿತ ಎಲ್ಲ ಅದೇ. ಸ್ಟೀರಾಯ್ಡ್ ಬಿದ್ರೆ ಕರುಳು ಊದಿ ತೂತಾಗೋವರೆಗೂ ಹೋಗ್ಬಹುದು.

ಸ್ಟ್ರಾಂಗಿಲಾಯ್ಡಿಸ್ ಅಂತ ಒಂದು ಸಣ್ಣ ಹುಳ ಇದೆ. ಮಣ್ಣಿಂದ ಬರಿಗಾಲಿನ ಚರ್ಮ ಹೊಕ್ಕು ಒಳಗೆ ಬರತ್ತೆ, ಮಿಕ್ಕ ಹುಳಗಳ ಥರ ಒಂದಷ್ಟು ವರ್ಷ ಇದ್ದು ಸಾಯಲ್ಲ, ನಮ್ಮೊಳಗೇ ಮರಿ ಮಾಡಿ ಮತ್ತೆ ನಮಗೇ ಸೋಂಕು ಮಾಡ್ತಾ ದಶಕಗಟ್ಟಲೆ ಇರತ್ತೆ. ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್ ಬರ್ಮಾ ರೈಲುದಾರಿ ಕಟ್ಟೋಕೆ ಹಚ್ಚಿದ್ದ ಸೆರೆಯಾಳುಗಳು ವಾಪಸ್ ಹೋಗಿ ಮೂವತ್ತು ನಲವತ್ತು ವರ್ಷ ಆದ್ಮೇಲೂ ಅವರ ಹೊಟ್ಟೇಲಿ ಇದು ಸಿಕ್ಕಿದೆ. ಅಲ್ಲೀವರೆಗೂ ಸಣ್ಣಪುಟ್ಟ ಹೊಟ್ಟೆ ತೊಂದರೆ ಕೊಟ್ಕೊಂಡು ತಣ್ಣಗಿರತ್ತೆ, ಸ್ಟೀರಾಯ್ಡ್ ಬಿದ್ರೆ ಕೆಲವರಲ್ಲಿ ಮರಿಗಳು ಲೆಕ್ಕ ಇಲ್ಲದಷ್ಟಾಗಿ ಶ್ವಾಸಕೋಶ, ಮೆದುಳುವರೆಗೂ ಹೋಗ್ತವೆ, ಹೋಗ್ತಾ ಕರುಳಿನ ಬ್ಯಾಕ್ಟೀರಿಯಾನೂ ಹೊತ್ಕೊಂಡು ಹೋಗ್ತವೆ. ಹೊಟ್ಟೆ ಕಾಯಿಲೆಗೆ ಮಾತ್ರೆ ತಗೋತಾ ಇರೋರಿಗೆ ಹೊಸದಾಗಿ ಕೆಮ್ಮು, ಉಬ್ಬಸ, ಹೊಟ್ಟೆ ಮೇಲೋ ಪೃಷ್ಠದ ಮೇಲೋ ಸರಿದಾಡೋ ಹಾಗಿರೋ ಕೆಂಪು ಗೆರೆ ಕಂಡ್ರೆ ಇದನ್ನ ನೆನಪಿಡಿ. ಸಾಮಾನ್ಯವಾಗಿ ಹುಳ ಇದ್ರೆ ರಕ್ತದಲ್ಲಿ ಇಸಿನೋಫಿಲ್ ಏರತ್ತೆ, ಆದ್ರೆ ಸ್ಟೀರಾಯ್ಡ್ ಆ ಇಸಿನೋಫಿಲ್‌ನೇ ಇಳಿಸಿಬಿಡತ್ತೆ, ರಿಪೋರ್ಟ್ ನೋಡಿದ್ರೆ ಏನೂ ಇಲ್ಲ ಅನ್ಸತ್ತೆ. ಒಂದು ಸಲದ ಸ್ಟೂಲ್ ಟೆಸ್ಟಲ್ಲೂ ಸಿಗದೇ ಹೋಗೋದೇ ಜಾಸ್ತಿ, ರಕ್ತದ ಆಂಟಿಬಾಡಿ ಟೆಸ್ಟ್ ಇದೆ. ಮೊದ್ಲೇ ಗೊತ್ತಾದ್ರೆ ಐವರ್ಮೆಕ್ಟಿನ್ ಅನ್ನೋ ಹುಳದ ಮಾತ್ರೆಗೆ ಹೋಗತ್ತೆ, ಅಷ್ಟು ಸಿಂಪಲ್ಲು. ಮಣ್ಣಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದೋರು, ಹೊಲದಲ್ಲಿ ಕೆಲಸ ಮಾಡಿದೋರು ಕೇಳದಿದ್ರೂ ಇದನ್ನ ಡಾಕ್ಟ್ರಿಗೆ ಹೇಳಿ.

ಸ್ಟೀರಾಯ್ಡ್ ಲಕ್ಷಣಗಳನ್ನೂ ಮುಚ್ಚತ್ತೆ ಅನ್ನೋದು ಇನ್ನೊಂದು. ಕರುಳು ತೂತಾದ್ರೆ ಹೊಟ್ಟೆ ಹಲಗೆ ಥರ ಗಟ್ಟಿಯಾಗ್ಬೇಕು, ಜ್ವರ ಬರ್ಬೇಕು, ಸ್ಟೀರಾಯ್ಡ್ ಮೇಲಿರೋರಿಗೆ ಹೊಟ್ಟೆ ಮೆತ್ತಗೇ ಇದ್ದು, ಜ್ವರಾನೂ ಇಲ್ದೇ, ಬರೀ "ಯಾಕೋ ಸರಿ ಇಲ್ಲ" ಅನ್ಸ್ಬಹುದು. ಬಿಳಿ ರಕ್ತಕಣ ಏರಿದ್ರೂ ಅದು ಸ್ಟೀರಾಯ್ಡ್‌ನಿಂದಾನೂ ಏರತ್ತೆ, ಸೋಂಕಿಂದಾನೂ ಏರತ್ತೆ, ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಅದಕ್ಕೇ ಇವು ಯಾವುದಾದ್ರೂ ಆದ್ರೆ ನೋಟ್‌ಬುಕ್ ಆಮೇಲೆ, ಮೊದಲು ಆಸ್ಪತ್ರೆ: ಹೊಸದಾಗಿ ಬಂದು ಬಿಡದೇ ಇರೋ ಹೊಟ್ಟೆನೋವು, ಹೊಟ್ಟೆ ಊದ್ಕೊಂಡು ಗ್ಯಾಸೂ ಹೋಗದೇ ಇರೋದು, ಕಪ್ಪು ಟಾರಿನಂಥ ಮಲ ಅಥವಾ ತುಂಬಾ ರಕ್ತ, ಎದ್ರೆ ತಲೆಸುತ್ತಿ ಬೀಳೋದು, ಉಸಿರಾಟ ಕಷ್ಟ, ಗೊಂದಲ. "ಜ್ವರ ಇಲ್ವಲ್ಲ" ಅಂತ ಯಾರಾದ್ರೂ ಅಂದ್ರೆ ಸ್ಟೀರಾಯ್ಡ್ ತಗೋತಿದೀನಿ ಅಂತ ಇನ್ನೊಂದ್ಸಲ ಹೇಳಿ.

ಅಲರ್ಜಿ ವಿಷಯ ಚಿಕ್ಕದಾಗಿ. ಸ್ಟೀರಾಯ್ಡ್‌ಗೇ ಅಲರ್ಜಿನಾ ಅಂತ ನಗ್ಬೇಡಿ, ಅಪರೂಪಕ್ಕೆ ಆಗತ್ತೆ, ಎಷ್ಟೋ ಸಲ ಔಷಧಿಗಲ್ಲ ಅದರ ಜೊತೆ ಬೆರೆಸಿರೋದಕ್ಕೆ. ಮೀಥೈಲ್‌ಪ್ರೆಡ್ನಿಸೋಲೋನ್‌ನ ಕೆಲವು 40 ಮಿಲಿಗ್ರಾಂ ಇಂಜೆಕ್ಷನ್‌ಗಳಲ್ಲಿ ಹಸುವಿನ ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಇರತ್ತೆ, ಅದರಲ್ಲಿ ಚೂರು ಹಾಲಿನ ಪ್ರೋಟೀನ್ ಉಳಿದಿರ್ಬಹುದು, ಹಾಲಿನ ಅಲರ್ಜಿ ಇರೋರಿಗೆ ಕೊಡ್ಬಾರದು ಅಂತ ಯುರೋಪಿನ ಔಷಧ ನಿಯಂತ್ರಕರು 2017ರಲ್ಲೇ ಹೇಳಿದಾರೆ. ಹಾಲು ಜೀರ್ಣ ಆಗದೇ ಹೊಟ್ಟೆ ಉಬ್ಬರ ಆಗೋದು ಬೇರೆ, ಅಲರ್ಜಿ ಬೇರೆ. ಇಂಜೆಕ್ಷನ್ ಆದ ಕೂಡ್ಲೇ ದದ್ದು, ತುಟಿ ಊತ, ಉಸಿರು ಕಟ್ಟೋದಾದ್ರೆ ಅಲ್ಲೇ ಕೂಗಿ ಹೇಳಿ.

ಟೆಸ್ಟ್‌ಗಳು: ಮೊದಲೇ ಆದ್ರೆ ಚಿನ್ನ

ಇನ್ನೂ ಶುರು ಮಾಡಿಲ್ಲ, ಚೀಟಿ ಮಾತ್ರ ಕೈಯಲ್ಲಿದೆ ಅಂದ್ರೆ ನೀವು ಅದೃಷ್ಟವಂತರು. ಪರಿಸ್ಥಿತಿ ತೀರಾ ಗಂಭೀರ ಇದ್ರೆ ಡಾಕ್ಟ್ರು ಕಾಯೋಕಾಗಲ್ಲ ಅಂತಾರೆ, ಅದು ಸರಿ, ಆಗ ವಾದ ಮಾಡ್ಬೇಡಿ. ಹಾಗಿಲ್ಲ ಅಂದ್ರೆ ಮರ್ಯಾದೆಯಿಂದ ಕೇಳಿ, "ಶುರು ಮಾಡೋಕೆ ಮುಂಚೆ ಯಾವ ಸ್ಯಾಂಪಲ್ ತೆಗೆದಿಟ್ಕೋಬೇಕು?" ಸ್ಕೋಪ್ ಮಾಡಿದ್ರೆ ನೋಡೋಕೆ ಚೆನ್ನಾಗಿದ್ರೂ ಬಯಾಪ್ಸಿ ತೆಗೀತೀರಾ ಅಂತ ಕೇಳಿ, ಮೈಕ್ರೋಸ್ಕೋಪಿಕ್ ಕೊಲೈಟಿಸ್ ಹೆಸರೇ ಹೇಳೋ ಹಾಗೆ ಕಣ್ಣಿಗೆ ಕಾಣಲ್ಲ. ನನ್ನ ಮೊದಲ ಎಂಡೋಸ್ಕೋಪಿ ಆಗಿದ್ದು ಸ್ಟೀರಾಯ್ಡ್ ಶುರುವಾಗಿ ಐದು ವಾರಕ್ಕೆ, "ಎಲ್ಲ ಚೆನ್ನಾಗಿದೆ" ಅಂತ ಬರೆದು ಸಣ್ಣ ಕರುಳಿಂದ ಒಂದು ಚೂರೂ ತೆಗೀದೇ ಕಳಿಸಿದ್ರು. ಆಮೇಲೆ ಮಾತ್ರೆ ಪೂರ್ತಿ ಮುಗಿದು ಸ್ವಲ್ಪ ಕಾಲ ಬಿಟ್ಟು, ಗೋಧಿ ತಿನ್ತಾನೇ, ಸೀಲಿಯಾಕ್ ಹುಡುಕೋ ಟಿಟಿಜಿ ಅನ್ನೋ ರಕ್ತ ಪರೀಕ್ಷೆ ಜೊತೆಗೆ ಒಟ್ಟು ಐಜಿಎ (ಒಂದು ಬಗೆ ಆಂಟಿಬಾಡಿ) ಮಟ್ಟಾನೂ ನೋಡಿಸಿ, ಬಯಾಪ್ಸಿ ತೆಗೆದಾಗಲೇ ಉತ್ತರ ಸಿಕ್ಕಿದ್ದು. ಅನುಮಾನ ಬಂತು ಅಂತ ಟೆಸ್ಟ್‌ಗೆ ಮುಂಚೆನೇ ಗೋಧಿ ಬಿಟ್ಬಿಡ್ಬೇಡಿ, ಆಗ ಅದೂ ಸುಳ್ಳು ಹೇಳತ್ತೆ.

ಮಲದಲ್ಲಿ ಅಮೀಬಾ, ಹುಳ, ಸಿ ಡಿಫ್ (ಭೇದಿ ತರೋ ಒಂದು ಬ್ಯಾಕ್ಟೀರಿಯಾ) ಟೆಸ್ಟು, ಕರುಳಿನ ಉರಿಯೂತ ತೋರಿಸೋ ಕ್ಯಾಲ್ಪ್ರೊಟೆಕ್ಟಿನ್ನು. ಟಿಬಿಗೆ ಎದೆ ಎಕ್ಸ್‌ರೇ ಮತ್ತು ಚರ್ಮದ ಇಲ್ಲಾ ರಕ್ತದ ಟೆಸ್ಟು, ಸ್ಟೀರಾಯ್ಡ್ ಶುರುವಾದ್ಮೇಲೆ ಈ ಎರಡೂ ನೆಗೆಟಿವ್ ಅಥವಾ ಅಸ್ಪಷ್ಟ ಬರೋ ಸಾಧ್ಯತೆ ಜಾಸ್ತಿ. ಹೆಪಟೈಟಿಸ್ ಬಿ ಕೂಡ, ಮಲಗಿರೋ ವೈರಸ್ ಎದ್ದೇಳ್ಬಹುದು. ಈಗಾಗಲೇ ಶುರುವಾಗಿದ್ರೆ ಪ್ರತಿ ರಿಪೋರ್ಟ್ ಮೇಲೆ ಪೆನ್ನಲ್ಲಿ ಬರೀರಿ, ಅವತ್ತು ಸ್ಟೀರಾಯ್ಡ್ ಎಷ್ಟನೇ ದಿನ, ಎಷ್ಟು ಮಿಲಿಗ್ರಾಂ ಅಂತ. ಆ ಒಂದು ಸಾಲು ಇಲ್ದೇ ಹೋದ್ರೆ ಮುಂದಿನ ಡಾಕ್ಟ್ರು "ಎಂಡೋಸ್ಕೋಪಿ ನಾರ್ಮಲ್" ಅಂತ ಓದ್ಕೊಂಡು ಮುಂದೆ ಹೋಗ್ತಾರೆ, ನನಗಾಗಿದ್ದು ಅದೇ.

ಗೊತ್ತಿಲ್ದೇ ತಗೋತಿರೋ ಸ್ಟೀರಾಯ್ಡ್ ಕೂಡ ಲೆಕ್ಕ ಹಾಕಿ. ಮಂಡಿಗೆ ಹಾಕಿಸ್ಕೊಂಡ ಇಂಜೆಕ್ಷನ್, ಇನ್ಹೇಲರ್, ಚರ್ಮಕ್ಕೆ ಹಚ್ಚೋ ಕ್ರೀಮು, ಹೆಸರಿಲ್ಲದ ಪೊಟ್ಟಣದಲ್ಲಿ "ಗಿಡಮೂಲಿಕೆ" ಅಂತ ಬರೋ ನೋವಿನ ಪುಡಿ. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್ ಬೆರೆಸಿರೋದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ನೋವಿನ ಮಾತ್ರೆ, ಐಬುಪ್ರೊಫೆನ್ ಡೈಕ್ಲೋಫೆನಾಕ್ ಥರದ್ದು, ಸ್ಟೀರಾಯ್ಡ್ ಜೊತೆ ಸೇರಿದ್ರೆ ಹೊಟ್ಟೆ ಹುಣ್ಣಾಗಿ ರಕ್ತ ಬರೋ ಅಪಾಯ ಚೆನ್ನಾಗೇ ಏರತ್ತೆ, ಮೊಣಕಾಲು ನೋವಿಗೆ ಅಂತ ನುಂಗೋಕೆ ಮುಂಚೆ ಕೇಳಿ.

ಇಳಿಸೋವಾಗ

40ರಿಂದ ವಾರಕ್ಕೆ 5 ಇಳಿಸೋದು ಸಾಮಾನ್ಯವಾಗಿ ನಡೆಯೋ ಪದ್ಧತಿ, ನಿಮ್ಮದು ಬೇರೆ ಇರ್ಬಹುದು. 20ರವರೆಗೆ ನನಗೆ ಏನೂ ಅನ್ಸಿರ್ಲಿಲ್ಲ. 10ಕ್ಕೆ ಬಂದ ಮೂರನೇ ದಿನ ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡೋಕೇ ಆಗ್ಲಿಲ್ಲ, ಬೆರಳಿನ ಗೆಣ್ಣುಗಳೆಲ್ಲ ಯಾರೋ ಹಿಂಡಿದ ಹಾಗೆ, ವಾಕರಿಕೆ, ಸುಮ್ಮಸುಮ್ನೆ ಅಳು. ಇದು ಕಾಯಿಲೆ ವಾಪಸ್ ಬಂದಿದ್ದಾ, ಡೋಸ್ ಇಳಿದಿದ್ದಕ್ಕೆ ಮೈ ಮುಷ್ಕರ ಹೂಡಿದ್ದಾ ಅಂತ ಬಿಡಿಸೋಕೆ ನೋಟ್‌ಬುಕ್ ಬೇಕೇ ಬೇಕು. ನನ್ನ ಅಂದಾಜಲ್ಲಿ ಕೀಲುನೋವು, ಸುಸ್ತು, ವಾಕರಿಕೆ ಇದ್ದು ಮೋಷನ್ ಹಾಗೇ ಇದ್ರೆ ಡೋಸ್ ಇಳಿದಿದ್ದರ ಕಾಟ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ರಕ್ತ, ಏರಿದ ಕ್ಯಾಲ್ಪ್ರೊಟೆಕ್ಟಿನ್ ಇದ್ರೆ ಕಾಯಿಲೆ. ಎರಡೂ ಒಟ್ಟಿಗೇ ಇರೋದೂ ಉಂಟು, ಅದಕ್ಕೆ ತೀರ್ಪು ಡಾಕ್ಟ್ರಿಗೆ ಬಿಡಿ. ನಿಮಗೆ ನೀವೇ ಡೋಸ್ ಏರಿಸ್ಕೊಂಡು ಸುಮ್ನಾಗ್ಬೇಡಿ. ಪ್ರತಿ ಸಲ 10ಕ್ಕೆ ಬಂದಾಗ ಕಾಯಿಲೆ ಏಳ್ತಾ ಇದೆ, ಮತ್ತೆ 40 ಕೊಡ್ತಾ ಇದಾರೆ ಅಂದ್ರೆ ಡೋಸ್ ಬಗ್ಗೆ ಅಲ್ಲ, ಡಯಾಗ್ನೋಸಿಸ್ ಬಗ್ಗೆ ಮಾತಾಡೋ ಟೈಮ್ ಅದು. ನಾನು ಎರಡು ಸುತ್ತು ಹೊಡೆದ್ಮೇಲೆ ಬಾಯಿ ಬಿಟ್ಟೆ, ಮೊದಲ ಸುತ್ತಲ್ಲೇ ಬಿಡ್ಬೇಕಿತ್ತು.

ಮುಗಿದ ಮೇಲೂ ಸುಮಾರು ಒಂದು ವರ್ಷ ಪರ್ಸಲ್ಲಿ ಒಂದು ಚೀಟಿ ಇಟ್ಕೊಳ್ಳಿ: ಯಾವ ಸ್ಟೀರಾಯ್ಡ್, ಗರಿಷ್ಠ ಎಷ್ಟು, ಎಷ್ಟು ವಾರ, ಯಾವ ತಾರೀಕಿಗೆ ಮುಗೀತು. ಆಪರೇಷನ್, ಆಕ್ಸಿಡೆಂಟ್, ಜೋರು ಜ್ವರ, ನಿಲ್ಲದ ವಾಂತಿ ಆದ್ರೆ ಅಡ್ರಿನಲ್ ಇನ್ನೂ ಪೂರ್ತಿ ಎದ್ದಿರದೇ ಇರ್ಬಹುದು, ಆಗ ಮೈಗೆ ಹೆಚ್ಚಿಗೆ ಸ್ಟೀರಾಯ್ಡ್ ಬೇಕಾಗ್ಬಹುದು, ಮಾತಾಡೋ ಸ್ಥಿತೀಲಿ ನೀವಿರದಿದ್ರೂ ಚೀಟಿ ಹೇಳತ್ತೆ. ನಂದು ಇನ್ನೂ ಪರ್ಸಲ್ಲೇ ಇದೆ, ಮಡಿಕೆ ಹರಿದಿದ್ದಕ್ಕೆ ಟೇಪ್ ಅಂಟಿಸಿದೀನಿ.